ಮೊದಲು ಬಿಚ್ಚುವುದನ್ನು ಕಲಿಸಿ

(ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪೋಷಕರ ಎದುರು ಆಡಿದ ಮಾತು. ಕೇಳಿದ ಕೆಲವರು ಬರೆದುಕೊಡಿ ಅಂದಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಇಲ್ಲಿ ಬಾಯಲ್ಲಿ ಹೇಳಬೇಕಾದ ಕಡೆ ಸ್ವಲ್ಪ ಉದ್ದವಾಗಿದೆ.)

ಎಲ್ಲರಿಗೂ ನಮಸ್ಕಾರ. ನೀವು ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಗೇಣು ದಾರ ಕೊಟ್ಟಿದ್ದೇವೆ. ಹೂ ಕಟ್ಟುವ ಬಿಳಿ ಹತ್ತಿ ದಾರ. ಅದನ್ನು ಎರಡು ಕೈಯಲ್ಲೂ ಹಿಡಿದುಕೊಳ್ಳಿ. ಈಗಲೇ ಎಳೆಯಬೇಡಿ. ಹುರಿ ಯಾವ ಕಡೆಗಿದೆಯೋ ಅದಕ್ಕೆ ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಳೆಗಳು ಬೇರೆಬೇರೆಯಾಗುತ್ತವೆ. ಅದರಲ್ಲಿ ಒಂದು ಎಳೆ ಹಿಡಿದು ಅದನ್ನೂ ಹಾಗೇ ಬಿಚ್ಚಿ. ಈಗ ಮೆಲ್ಲಗೆ ಎಳೆಯಿರಿ. ಬಂತಾ? ಪಟ್ಟಂತ ಹರಿಯಲಿಲ್ಲ, ಸುಮ್ನೆ ಜಾರಿಕೊಂಡು ಬಂತು, ಅಲ್ವಾ? ತುದಿಯಲ್ಲಿ ಉಳಿದದ್ದು ಅರಳೆ.

ಹತ್ತಿಯ ಒಂದು ನಾರು ಸಾಮಾನ್ಯವಾಗಿ ಎರಡು, ಮೂರು ಸೆಂಟಿಮೀಟರ್ ಉದ್ದ ಇರುತ್ತದೆ. ಅಷ್ಟು ಗಿಡ್ಡ ನಾರುಗಳಿಂದ ಒಂದು ಉಂಡೆ ದಾರ ಹೇಗಾಯಿತು? ಅದರಲ್ಲಿ ಗೋಂದಿಲ್ಲ, ಗಂಟೂ ಇಲ್ಲ. ಇರುವುದು ಹುರಿ ಒಂದೇ. ಹುರಿ ಬಿದ್ದಾಗ ನಾರುಗಳು ಒಂದನ್ನೊಂದು ಅಮುಕಿ ಹಿಡಿದುಕೊಳ್ಳುತ್ತವೆ, ಎಳೆದಾಗ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಹುರಿ ಬಿಚ್ಚಿದರೆ ದಾರ ಮತ್ತೆ ಹತ್ತಿ. ನನ್ನ ಶನಿವಾರದ ತರಗತಿಗೆ ಹೊಸದಾಗಿ ಬರುವ ಮಕ್ಕಳಿಗೆ ಮೊದಲ ದಿನ ನಾನು ಕೊಡುವುದು ಇದೊಂದೇ ಕೆಲಸ. ಏನೂ ಮಾಡುವುದು ಬೇಡ, ಬರೀ ಬಿಚ್ಚಿ. ಎರಡನೇ ತರಗತಿಯ ಒಬ್ಬ ಹುಡುಗ ಕೈಯಲ್ಲಿ ಉಳಿದ ಅರಳೆ ನೋಡಿದ, ಆಮೇಲೆ ತನ್ನ ಅಂಗಿ ನೋಡಿಕೊಂಡ, ಆಮೇಲೆ ನನ್ನ ಮುಖ ನೋಡಿ ಕೇಳಿದ, "ಮಿಸ್, ಇದನ್ನೂ ಬಿಚ್ಚಬಹುದಾ?" ಅವತ್ತು ಅವನ ತಲೆಯಲ್ಲಿ ಏನು ಓಡಿತೋ ಅದು ನನಗೆ ಬೇಕಾದದ್ದು.

ನಾನು ಇಲ್ಲಿಗೆ ಹೇಳಲು ಬಂದಿರುವ ಮಾತೂ ಅದೇ. ಮಕ್ಕಳಿಗೆ ನೂಲಿನ ಕೆಲಸ ಕಲಿಸುವುದಾದರೆ ಮಾಡುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಸಿ.

ಯಾಕೆ ಅಂದರೆ, ಮಕ್ಕಳ ಕೈಗೆ ನಾವು ಕೊಡುವ ಬೇರೆ ಸಾಮಾನುಗಳನ್ನು ನೋಡಿ. ಕಾಗದ ತಪ್ಪಾಗಿ ಕತ್ತರಿಸಿದರೆ ಆ ಕಾಗದ ಹೋಯಿತು. ಬಣ್ಣ ಚೆಲ್ಲಿದರೆ ಚಿತ್ರ ಹೋಯಿತು. ಗೋಂದು ಅಂಟಿದ್ದು ಅಂಟಿತು. ಉಲ್ಲನ್ ಹಾಗಲ್ಲ. ಹತ್ತು ಸಲ ತಪ್ಪು ಹೆಣೆದು ಹತ್ತು ಸಲ ಎಳೆದುಬಿಟ್ಟರೂ ದಾರ ಪೂರ್ತಿ ವಾಪಸ್ ಕೈಗೆ ಬರುತ್ತದೆ. ಸ್ವಲ್ಪ ಸುಕ್ಕಾಗಿರುತ್ತದೆ ಅಷ್ಟೇ. ತಪ್ಪಾದರೂ ಏನೂ ಕಳೆದುಹೋಗುವುದಿಲ್ಲ ಅನ್ನುವುದು ಮಗುವಿನ ಬೆರಳಿಗೆ ಗೊತ್ತಾದರೆ ಅದು ನಮ್ಮ ಮುಖ ನೋಡುವುದನ್ನು ಬಿಡುತ್ತದೆ. ಪ್ರತಿ ಹೆಜ್ಜೆಗೂ "ಮಿಸ್, ಸರಿನಾ?" ಅಂತ ಎದ್ದು ಬರುವುದು ನಿಲ್ಲುತ್ತದೆ.

ಮೊದಲ ಎರಡು ವರ್ಷ ನಾನು ಹೀಗೆ ಕಲಿಸುತ್ತಿರಲಿಲ್ಲ. ಮಗು ಎಲ್ಲಾದರೂ ತಪ್ಪಿತು ಅಂದರೆ "ಕೊಡು ಇಲ್ಲಿ" ಅಂತ ತೆಗೆದುಕೊಂಡು ಸರಿ ಮಾಡಿ ಕೊಡುತ್ತಿದ್ದೆ. ಪ್ರೀತಿಯಿಂದಲೇ ಮಾಡುತ್ತಿದ್ದೆ. ಆದರೆ ಮಕ್ಕಳು ಕಲಿತದ್ದು ಒಂದೇ, ತಪ್ಪಾದರೆ ಮಿಸ್ ಹತ್ತಿರ ಕೊಡಬೇಕು. ಆಗ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಪ್ರದರ್ಶನ ಇಟ್ಟಿದ್ದರು. ಹಿಂದಿನ ರಾತ್ರಿ ನಾವು ನಾಲ್ಕು ಜನ ದೊಡ್ಡವರು ಕೂತು ಮಕ್ಕಳ ಹೆಣಿಗೆಗಳನ್ನೆಲ್ಲ ಬಿಗಿ ಮಾಡಿ, ಅಂಚು ಸರಿ ಮಾಡಿ, ಕೆಲವನ್ನು ಹೊಸದಾಗಿಯೇ ಹೆಣೆದು ಇಟ್ಟೆವು. ಮಾರನೇ ದಿನ ಒಬ್ಬಳು ಹುಡುಗಿ ಮೇಜಿನ ಮುಂದೆ ನಿಂತು ತಾನು ಹೆಣೆದ ಪಟ್ಟಿಯನ್ನು ಹುಡುಕುತ್ತಿದ್ದಳು. ಅವಳ ಹೆಸರಿನ ಚೀಟಿ ಎದುರಿಗೇ ಇತ್ತು. ಅದರ ಪಕ್ಕ ಇದ್ದ ಕೆಲಸ ಅವಳಿಗೆ ಗುರುತು ಸಿಗಲಿಲ್ಲ. ಅವಳ ಅಮ್ಮ "ಎಷ್ಟು ಚೆನ್ನಾಗಿ ಮಾಡಿದ್ದೀಯ ಪುಟ್ಟಿ" ಅಂದಾಗ ಅವಳು ತಲೆ ತಗ್ಗಿಸಿದಳು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಆ ದಿನದಿಂದ ಮಗುವಿನ ಕೈಯಲ್ಲಿರುವ ಕೆಲಸವನ್ನು ನಾನು ಮುಟ್ಟುವುದಿಲ್ಲ. ತೋರಿಸಬೇಕಿದ್ದರೆ ನನ್ನದೇ ಒಂದು ದಾರ ಇಟ್ಟುಕೊಂಡಿರುತ್ತೇನೆ, ಅದರಲ್ಲಿ ತೋರಿಸುತ್ತೇನೆ.

ಸರಿ, ಬಿಚ್ಚಿದ ಮೇಲೆ ಏನು? ಹುರಿ ಮಾಡುವುದು. ಇದಕ್ಕೆ ಮೂರು ಮಕ್ಕಳು ಬೇಕು. ಒಂದು ಉದ್ದ ಉಲ್ಲನ್ ದಾರ ತೆಗೆದುಕೊಂಡು ಇಬ್ಬರು ಎದುರುಬದುರು ನಿಂತು ತುದಿ ಹಿಡಿಯಲಿ. ಇಬ್ಬರೂ ತಮ್ಮತಮ್ಮ ಬಲಕ್ಕೇ ತಿರುಗಿಸಬೇಕು. ಎದುರು ನಿಂತಿರುವುದರಿಂದ ಹುರಿ ಕೂಡುತ್ತದೆ. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುಗಿಸಿದರೆ ಇಬ್ಬರ ಕೆಲಸವೂ ವ್ಯರ್ಥ. ಇದನ್ನು ಹೇಳಬೇಡಿ, ಅವರೇ ಐದು ನಿಮಿಷ ತಿರುಗಿಸಿ ಕಂಡುಕೊಳ್ಳಲಿ. ಸಡಿಲ ಬಿಟ್ಟರೆ ದಾರ ತಾನೇ ಸುರುಳಿ ಸುತ್ತಿಕೊಳ್ಳುವಷ್ಟು ಹುರಿ ಬಂದ ಮೇಲೆ ಮೂರನೆಯವರು ನಡುವೆ ಹಿಡಿಯಬೇಕು, ಇಬ್ಬರೂ ತುದಿಗಳನ್ನು ಒಂದೇ ಕಡೆ ತರಬೇಕು, ಆಮೇಲೆ ನಡುವಿನವರು ಕೈ ಬಿಡಬೇಕು. ದಾರ ಗಿರ್ರನೆ ತಾನೇ ತಿರುಗಿ ಎರಡೆಳೆಯ ಹಗ್ಗ ಆಗಿಬಿಡುತ್ತದೆ. ಯಾರೂ ಮುಟ್ಟಿಲ್ಲ! ಆ ಕ್ಷಣದಲ್ಲಿ ಮಕ್ಕಳು ಕೂಗುವ ಕೂಗು ಕೇಳಬೇಕು ನೀವು. ಒಂದೆಳೆಯಲ್ಲಿ ಸಿಕ್ಕಿಕೊಂಡಿರುವ ಹುರಿ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ಎದುರು ದಿಕ್ಕಿಗೆ ಸುತ್ತಿಕೊಂಡು ಒಂದನ್ನೊಂದು ತಡೆದು ನಿಲ್ಲಿಸುತ್ತದೆ. ನಮ್ಮ ಕಡೆ ಪುಂಡಿ ನಾರು, ಕತ್ತಾಳೆ ನಾರು, ತೆಂಗಿನ ನಾರು ಯಾವುದರ ಹಗ್ಗ ನೋಡಿದರೂ ಹುರಿಗೆ ಎದುರು ಹುರಿ ಅನ್ನುವ ಇದೇ ಉಪಾಯ. ಮನೆಗೆ ಹೋಗಿ ಬಾವಿ ಹಗ್ಗ, ದನ ಕಟ್ಟುವ ಹಗ್ಗ ನೋಡಿಕೊಂಡು ಬರಲು ಹೇಳಿ. ಪೇಟೆಯ ಮಕ್ಕಳಾದರೆ ಬಟ್ಟೆ ಒಣಹಾಕುವ ಹಗ್ಗ ನೋಡಲಿ.

ಅಳತೆಯ ವಿಷಯ ಹೇಳಿಬಿಡುತ್ತೇನೆ. ಮಕ್ಕಳಿಗೆ ಸ್ಕೇಲ್ ಕೊಡಬೇಡಿ. ಹೂ ಮಾರುವವರ ಅಳತೆ ಕೊಡಿ. ಗೇಣು, ಮೊಳ, ಮಾರು. ಚಿಕ್ಕ ಮಕ್ಕಳಿಗೆ ಅವರದೇ ಒಂದು ಮಾರಿಗಿಂತ ಉದ್ದದ ದಾರ ಒಬ್ಬರ ಕೈಗೆ ಕೊಡುವುದು ಬೇಡ, ಸಿಕ್ಕಾಗುತ್ತದೆ, ಕತ್ತಿಗೆ ಸುತ್ತಿಕೊಳ್ಳುವ ಭಯವೂ ಇದೆ. "ನಿನ್ನ ಒಂದು ಮಾರು ಅಳೆದುಕೋ" ಅಂದರೆ ಎರಡು ಕೈ ಚಾಚಿ ತಾವೇ ಅಳೆದುಕೊಳ್ಳುತ್ತವೆ. ಆ ದಾರವನ್ನು ತಲೆಯಿಂದ ಕಾಲಿನ ತನಕ ಇಳಿಬಿಟ್ಟು ನೋಡಲು ಹೇಳಿ, ಹೆಚ್ಚುಕಡಿಮೆ ಅಷ್ಟೇ ಎತ್ತರ ಇರುತ್ತವೆ. "ಅಮ್ಮನ ಒಂದು ಮಾರು ಮಲ್ಲಿಗೆ, ಹೂವಮ್ಮನ ಒಂದು ಮಾರು ಮಲ್ಲಿಗೆ ಒಂದೇನಾ?" ಅಂತ ಒಂದು ಮಗು ಕೇಳಿತ್ತು. ಅಳತೆಯ ಪಾಠ ಇಡೀ ಅದರಲ್ಲೇ ಇದೆ.

ಹುರಿ ಆದ ಮೇಲೆ ಬೆರಳಿನಲ್ಲಿ ಸರಪಳಿ ಹೆಣಿಗೆ. ಸೂಜಿ ಬೇಡ, ಕ್ರೋಶಾ ಕಡ್ಡಿ ಬೇಡ. ಒಂದು ಜಾರುಗಂಟು ಹಾಕಿ ಕುಣಿಕೆ ಮಾಡಿ, ಆ ಕುಣಿಕೆಯೊಳಗಿಂದ ಎರಡು ಬೆರಳು ತೂರಿಸಿ ದಾರ ಹಿಡಿದು ಹೊರಗೆಳೆದರೆ ಹೊಸ ಕುಣಿಕೆ. ಅದರೊಳಗಿಂದ ಇನ್ನೊಂದು. ಐದು ವರ್ಷದ ಮಗು ಮಾಡುತ್ತದೆ. ಮೊದಲಿಗೆ ಮಕ್ಕಳು ಕುಣಿಕೆಯನ್ನು ಎಳೆಯುವ ಬದಲು ಬಾಲವನ್ನು ಎಳೆದು ಗಂಟು ಬಿಗಿ ಮಾಡಿಬಿಡುತ್ತವೆ. ಅದಕ್ಕೆ ನಾನು ಹೇಳುವುದು: "ಕುಣಿಕೆ ಒಂದು ಬಾಗಿಲು, ನಿನ್ನ ಬೆರಳು ಎರಡು ಹೋಗುವಷ್ಟು ತೆರೆದಿರಲಿ." ಒಂದು ಗೇಣು ಸರಪಳಿ ಆದ ಕೂಡಲೇ "ಈಗ ತುದಿ ಹಿಡಿದು ಎಳಿ" ಅನ್ನುತ್ತೇನೆ. ಪಟಪಟಪಟ ಅಂತ ಪೂರ್ತಿ ಬಿಚ್ಚಿಕೊಂಡು ಹೋಗುತ್ತದೆ. ಒಂದೆರಡು ಮಕ್ಕಳ ಕಣ್ಣಲ್ಲಿ ನೀರು ಬರುತ್ತದೆ, ಉಳಿದವು ನಗುತ್ತವೆ. ಎರಡನೇ ಸಲ ಎಲ್ಲ ನಗುತ್ತವೆ. ಮೂರನೇ ಸಲಕ್ಕೆ ತಾವೇ ಬಿಚ್ಚುವುದಕ್ಕೋಸ್ಕರ ಹೆಣೆಯುತ್ತವೆ, ಯಾರದು ಜೋರಾಗಿ ಬಿಚ್ಚುತ್ತದೆ ಅಂತ ಪಂದ್ಯ ಕಟ್ಟುತ್ತವೆ. ಇಲ್ಲಿ ಅವಸರ ಮಾಡಬೇಡಿ. ಇಡೀ ಒಂದು ವಾರ ಇದೇ ಆಟ ನಡೆದರೂ ನಡೆಯಲಿ. ಬಿಚ್ಚುವಾಗ ಕುಣಿಕೆ ಹೇಗೆ ಕೂತಿತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ, ಹೆಣೆಯುವಾಗ ಅದು ಕೈಯೊಳಗೆ ಮುಚ್ಚಿಹೋಗಿರುತ್ತದೆ.

ಬೆರಳಿಗೆ ದಾರ ಸುತ್ತುವ ಯಾವ ಕೆಲಸದಲ್ಲೂ ಒಂದು ಎಚ್ಚರ ಬೇಕು. ಬಿಗಿಯಾದರೆ ಬೆರಳ ತುದಿ ಕೆಂಪಾಗಿ, ಆಮೇಲೆ ನೀಲಿಗೆ ತಿರುಗುತ್ತದೆ. ಕೆಲವು ಮಕ್ಕಳು ಹೇಳುವುದೇ ಇಲ್ಲ, ನೀವೇ ನೋಡಬೇಕು.

ಇನ್ನು, ಇದೆಲ್ಲ ಎಲ್ಲಿಂದಲೋ ತರಬೇಕಾದ ವಿದ್ಯೆ ಅಂದುಕೊಳ್ಳಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಗೌರಿ ಗಣೇಶ ಹಬ್ಬಕ್ಕೆ ಅಜ್ಜಿಯರು ಗೆಜ್ಜೆವಸ್ತ್ರ ಮಾಡುತ್ತಾರೆ. ಅರಳೆಯನ್ನು ತೆಳ್ಳಗೆ ಎಳೆದು, ಬೆರಳನ್ನು ಹಾಲಲ್ಲೋ ನೀರಲ್ಲೋ ಒದ್ದೆ ಮಾಡಿಕೊಂಡು, ಅಷ್ಟಷ್ಟು ದೂರಕ್ಕೆ ಚಿವುಟಿ ಹೊಸೆದರೆ ನಡುವೆ ಗೆಜ್ಜೆಯ ಹಾಗೆ ಉಬ್ಬಿಕೊಳ್ಳುತ್ತದೆ. ಬತ್ತಿ ಹೊಸೆಯುವಾಗ ಕೈಗೆ ಒಂಚೂರು ವಿಭೂತಿ ಸವರಿಕೊಳ್ಳುತ್ತಾರೆ, ಬೆರಳು ಜಾರಬಾರದು ಅಂತ. ಇದು ನಾರಿನ ಕೆಲಸವೇ. ಹಬ್ಬಕ್ಕೆ ಎಂಟು ದಿನ ಮುಂಚೆ ಮಗುವನ್ನು ಅಜ್ಜಿಯ ಪಕ್ಕ ಕೂರಿಸಿ. ಹಬ್ಬ ಇಲ್ಲದ ಮನೆಯ ಮಕ್ಕಳು ನನ್ನ ತರಗತಿಯಲ್ಲಿ ಅದೇ ರೀತಿ ಚಿವುಟಿ ಬಿಳಿ ಕಂಬಳಿಹುಳು ಮಾಡುತ್ತವೆ, ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತವೆ. ಹೂ ಕಟ್ಟುವುದೂ ಅಷ್ಟೇ. ನೆನೆಸಿದ ಬಾಳೆ ನಾರಿನಲ್ಲಿ ಆ ಕಡೆ ಎರಡು, ಈ ಕಡೆ ಎರಡು ಹೂ ಇಟ್ಟು ಸುತ್ತಿ ಕುಣಿಕೆ ಬಿಗಿಯುವ ಅಮ್ಮಂದಿರ ಕೈ ನೋಡಿದ್ದೀರಿ, ಮಾತಾಡುತ್ತಾ ಮಾತಾಡುತ್ತಾ ಕಟ್ಟುತ್ತಾರೆ. ಮಕ್ಕಳ ಕೈಗೆ ಮೊದಲೇ ಮಲ್ಲಿಗೆ ಕೊಟ್ಟರೆ ಮೊಗ್ಗು ಕತ್ತರಿಸಿಹೋಗುತ್ತದೆ, ಪಾಪ ಹೂವೂ ಹಾಳು, ಮಗುವಿಗೂ ಬೇಜಾರು. ಬೆರಳುದ್ದದ ಉಲ್ಲನ್ ತುಂಡುಗಳನ್ನು ಹೂವಿನ ಬದಲು ಕೊಡಿ. ಬಿಗಿತ ಎಷ್ಟಿರಬೇಕು ಅಂತ ಕೈಗೆ ಬಂದ ಮೇಲೆ ಕನಕಾಂಬರ, ಕೊನೆಗೆ ಮಲ್ಲಿಗೆ.

ಶಾಲೆಯೊಳಗೆ ನೂಲು ತಂದದ್ದೂ ಹೊಸತಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ನಡೆದದ್ದು, ಮಕ್ಕಳು ಒಂದು ಕೈಕೆಲಸದ ಮೂಲಕವೇ ಉಳಿದೆಲ್ಲ ಪಾಠ ಕಲಿಯಬೇಕು ಅನ್ನುವ ವಿಚಾರದ ಮೇಲೆ. ತಕಲಿಯಲ್ಲಿ, ಅಂದರೆ ಕೈಯಲ್ಲಿ ತಿರುಗಿಸುವ ಸಣ್ಣ ನೂಲುಕಡ್ಡಿಯಲ್ಲಿ, ನೂಲುವುದು ಆ ಕೈಕೆಲಸಗಳಲ್ಲಿ ಮುಖ್ಯವಾದದ್ದು. ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ತಲೆ ಆಡಿಸುತ್ತಿದ್ದಾರೆ, ಅವರು ಶಾಲೆಯಲ್ಲಿ ತಕಲಿ ಹಿಡಿದವರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1919ರಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಗಳಲ್ಲೂ ಮೊದಲ ತರಗತಿಯಿಂದಲೇ ಗಂಡು ಹೆಣ್ಣು ಎಲ್ಲ ಮಕ್ಕಳೂ ಹೆಣಿಗೆ ಕಲಿಯುತ್ತವೆ. "ನನ್ನ ಮಗನಿಗೆ ಯಾಕೆ ಇದೆಲ್ಲ" ಅಂತ ಕೇಳುವ ಅಪ್ಪಂದಿರು ಇದ್ದಾರೆ. ಚಳ್ಳಕೆರೆ ಕಡೆಯ ಕಂಬಳಿ ಕೇಳಿದ್ದೀರಲ್ಲ, ಕುರುಬ ಸಮುದಾಯದಲ್ಲಿ ಉಣ್ಣೆ ನೂಲುವವರು ಹೆಚ್ಚಾಗಿ ಹೆಂಗಸರು, ಮಗ್ಗದಲ್ಲಿ ಕೂತು, ಹುಣಸೆ ಬೀಜದ ಗಂಜಿ ಹಚ್ಚಿದ ಹಾಸಿನಲ್ಲಿ, ಅಂದರೆ ಉದ್ದ ದಾರಗಳಲ್ಲಿ, ನೇಯುವವರು ಹೆಚ್ಚಾಗಿ ಗಂಡಸರು. ದಾರಕ್ಕೆ ಗಂಡು ಹೆಣ್ಣು ಇಲ್ಲ.

ಹಾಸು ಅಂದೆ. ರಟ್ಟಿನ ಮಗ್ಗ ಮಾಡುವ ದಿನ ನಾನು ಮೊದಲು ಬೋರ್ಡ್ ಮೇಲೆ "ಹಾಸುಹೊಕ್ಕು" ಅಂತ ಬರೆಯುತ್ತೇನೆ. ಮಕ್ಕಳು ಆ ಮಾತು ಕೇಳಿರುತ್ತವೆ, ಅದು ಎಲ್ಲಿಂದ ಬಂತು ಅಂತ ಗೊತ್ತಿರುವುದಿಲ್ಲ. ಗಟ್ಟಿ ರಟ್ಟಿನ ಮೇಲಂಚು ಕೆಳಗಂಚಿಗೆ ಸೆಂಟಿಮೀಟರಿಗೊಂದು ಕಚ್ಚು ಹಾಕಿ ಉದ್ದಕ್ಕೆ ದಾರ ಸುತ್ತಿದರೆ ಅದು ಹಾಸು. ಅಡ್ಡಕ್ಕೆ ಒಂದರ ಮೇಲೆ ಒಂದರ ಕೆಳಗೆ ಹೊಕ್ಕು ಹೋಗುವುದು ಹೊಕ್ಕು. ಸೂಜಿ ಬೇಡ ಅನ್ನಿಸಿದರೆ ಶೂ ಲೇಸಿನ ತುದಿಯ ಹಾಗೆ ದಾರದ ತುದಿಗೆ ಟೇಪ್ ಸುತ್ತಿ. ಸಾಲು ಸರಿಸಲು ತಲೆ ಬಾಚುವ ಹಣಿಗೆ ಸಾಕು. ಎಲ್ಲ ಮಕ್ಕಳಿಗೂ ಆಗುವ ಒಂದು ತೊಂದರೆ ಇದೆ. ಹತ್ತು ಸಾಲು ಆಗುವ ಹೊತ್ತಿಗೆ ಎರಡೂ ಅಂಚು ಒಳಗೆ ಎಳೆದುಕೊಂಡು ನೇಯ್ಗೆ ಡಮರುಗದ ಹಾಗೆ ನಡು ಸಣ್ಣ ಆಗಿಬಿಡುತ್ತದೆ. ಅದಕ್ಕೆ ಕಾರಣ ಅಡ್ಡದಾರ ತೀರಾ ಬಿಗಿಯಾಗಿರುವುದು. ಮೇಲೆ ಕೆಳಗೆ ಹತ್ತಿ ಇಳಿಯಲು ದಾರಕ್ಕೆ ಜಾಸ್ತಿ ಉದ್ದ ಬೇಕು. ಪ್ರತಿ ಸಾಲನ್ನೂ ನೆಟ್ಟಗೆ ಎಳೆಯದೆ ಒಂದು ಗುಡ್ಡದ ಹಾಗೆ ಬಾಗಿಸಿ ಇಟ್ಟು, ಆಮೇಲೆ ಹಣಿಗೆಯಿಂದ ಕೆಳಗೆ ತಳ್ಳಬೇಕು. "ಗುಡ್ಡ ಮಾಡು, ಗುಡ್ಡ ಕೆಡವು" ಅಂತ ಹೇಳಿಕೊಂಡು ನೇಯುತ್ತವೆ. ಡಮರುಗ ಆದವರು? ಹತ್ತು ಸಾಲು ಬಿಚ್ಚುತ್ತವೆ. ಬೇಜಾರಿಲ್ಲದೆ ಬಿಚ್ಚುತ್ತವೆ, ಯಾಕೆಂದರೆ ಸರಪಳಿಯ ವಾರದಲ್ಲಿ ಆ ಅಭ್ಯಾಸ ಆಗಿಹೋಗಿರುತ್ತದೆ.

ಎಡಗೈ ಮಕ್ಕಳ ಬಗ್ಗೆ ದಯವಿಟ್ಟು ಗಮನ ಕೊಡಿ. ಬಲಗೈ ಬಳಸುವ ನೀವು ಬಲಗೈ ಮಗುವಿನ ಪಕ್ಕ ಕೂತು ತೋರಿಸಿ, ಎಡಗೈ ಮಗುವಿನ ಎದುರು ಕೂತು ತೋರಿಸಿ. ಎದುರು ಕೂತರೆ ಕನ್ನಡಿಯಲ್ಲಿ ನೋಡಿದ ಹಾಗೆ, ಅದಕ್ಕೆ ಸರಿಯಾಗಿ ಕಾಣುತ್ತದೆ. "ಈ ಮಗುವಿಗೆ ಕೈಕೆಲಸ ಬರುವುದಿಲ್ಲ" ಅಂತ ನನ್ನ ಹತ್ತಿರ ಕಳಿಸಿದ ಎಷ್ಟೋ ಮಕ್ಕಳ ತೊಂದರೆ ಇದೊಂದೇ ಆಗಿತ್ತು.

ಸಾಮಾನು ಕೊಳ್ಳುವ ಬಗ್ಗೆ ತುಂಬಾ ಜನ ಕೇಳುತ್ತಾರೆ. ದಪ್ಪ ದಾರ, ತಿಳಿ ಬಣ್ಣ, ನುಣುಪು. ಕಪ್ಪು ದಾರ ಬೇಡ, ಕುಣಿಕೆ ಕಾಣುವುದಿಲ್ಲ. ಫ್ಯಾನ್ಸಿ ಸ್ಟೋರಿನಲ್ಲಿ ಉಲ್ಲನ್ ಅಂತ ಸಿಗುವುದು ಹೆಚ್ಚಿನ ಸಲ ಉಣ್ಣೆ ಅಲ್ಲ, ಅಕ್ರಿಲಿಕ್. ಹೆಣೆಯಲು, ನೇಯಲು ಅದು ಚೆನ್ನಾಗಿಯೇ ಇದೆ, ಅಗ್ಗವೂ ಹೌದು. ಆದರೆ ಬಿಸಿ ನೀರು ಸೋಪು ಹಾಕಿ ಉಜ್ಜಿ ಉಂಡೆ ಕಟ್ಟುವ ಕೆಲಸಕ್ಕೆ ಅದು ಆಗುವುದಿಲ್ಲ. ಇಡೀ ತರಗತಿಯನ್ನು ಬಕೆಟ್ ಸುತ್ತ ಕೂರಿಸಿಕೊಂಡು ಒಂದು ಗಂಟೆ ಉಜ್ಜಿಸಿ ಏನೂ ಆಗದೆ ನಾನಿದನ್ನು ಕಲಿತೆ. ಕುರಿ ಉಣ್ಣೆಯ ಕೂದಲ ಮೇಲೆ ಕಣ್ಣಿಗೆ ಕಾಣದ ಹೆಂಚಿನಂಥ ಪೊರೆಗಳಿರುತ್ತವೆ, ಬಿಸಿ ನೀರಿನಲ್ಲಿ ಉಜ್ಜಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಅಕ್ರಿಲಿಕ್ ದಾರಕ್ಕೆ ಆ ಪೊರೆ ಇಲ್ಲ. ಕುರಿ ಸಾಕುವವರ ಹತ್ತಿರ ಕತ್ತರಿಸಿದ ಉಣ್ಣೆ ಸಿಕ್ಕಿದರೆ ಚೆನ್ನಾಗಿ ತೊಳೆದು ಬಳಸಿ. ಆದರೆ ಈ ಕೆಲಸವನ್ನು ವರ್ಷದ ಕೊನೆಗೆ ಇಟ್ಟುಕೊಳ್ಳಿ. ಒಮ್ಮೆ ಗಟ್ಟಿಯಾದ ಉಣ್ಣೆಯನ್ನು ಬಿಚ್ಚಲು ಆಗುವುದಿಲ್ಲ. ದಾರ ಸುತ್ತಿ, ನಡುವೆ ಕಟ್ಟಿ, ಕತ್ತರಿಸುವ ಪಾಂಪಾಮ್ ಕೂಡ ಅಷ್ಟೇ, ಕತ್ತರಿ ಆಡಿಸಿದ ಮೇಲೆ ಮುಗಿಯಿತು.

ತಕಲಿಯನ್ನು ನಾನು ಎಂಟು, ಒಂಬತ್ತು ವರ್ಷದ ಮೇಲೆ ಕೊಡುತ್ತೇನೆ. ಎಡಗೈಯಲ್ಲಿ ಹಂಜಿ (ನೂಲಲು ಸುರುಳಿ ಮಾಡಿಟ್ಟ ಅರಳೆ), ಬಲಗೈಯಲ್ಲಿ ತಿರುಗಿಸುವುದು, ಎಳೆಯುವುದು, ಎಲ್ಲ ಒಟ್ಟಿಗೆ ನಡೆಯಬೇಕು. ನೂಲು ಹರಿಯುತ್ತದೆ. ಮತ್ತೆಮತ್ತೆ ಹರಿಯುತ್ತದೆ. ದೊಡ್ಡವರು ತಕ್ಷಣ ಗಂಟು ಹಾಕಲು ಹೋಗುತ್ತಾರೆ. ಗಂಟು ಬೇಡ. ಹರಿದ ತುದಿಯ ಹುರಿಯನ್ನು ಒಂದು ಬೆರಳಷ್ಟು ಬಿಚ್ಚಿ, ಅರಳೆ ಮಾಡಿ, ಹಂಜಿಯ ನಾರಿನ ಮೇಲೆ ಮಲಗಿಸಿ ಮತ್ತೆ ತಿರುಗಿಸಿದರೆ ಎರಡೂ ಕೂಡಿಕೊಳ್ಳುತ್ತವೆ, ಎಲ್ಲಿ ಹರಿದಿತ್ತು ಅಂತ ಗೊತ್ತಾಗುವುದಿಲ್ಲ. ಮೊದಲ ದಿನ ದಾರ ಬಿಚ್ಚಿದ ಮಗು ಇದನ್ನು ನಾನು ಹೇಳುವ ಮೊದಲೇ ಮಾಡಿದ್ದನ್ನು ನೋಡಿದ್ದೇನೆ. ಸಾಧ್ಯವಾದರೆ ಇಂಥ ಮಕ್ಕಳನ್ನು ಹುಬ್ಬಳ್ಳಿಯ ಬೆಂಗೇರಿಗೆ ಕರೆದುಕೊಂಡು ಹೋಗಿ. ಅಲ್ಲಿನ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆ ಎಂಥದ್ದು ಅಂತ, ಒಂದು ಮೊಳ ನೂಲಿಗೆ ಹತ್ತು ಸಲ ಹರಿಸಿಕೊಂಡ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ತಾಯಿ ಕೇಳಿದ ಪ್ರಶ್ನೆ ಇಲ್ಲಿ ಸೇರಿಸುತ್ತೇನೆ. "ನನ್ನ ಮಗಳು ನಾಲ್ಕು ಮಾರು ಸರಪಳಿ ಹೆಣೆದಿದ್ದಾಳೆ, ಬಿಚ್ಚು ಅಂದರೆ ಅಳುತ್ತಾಳೆ, ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಏನು ಮಾಡಲಿ?"

ಬಿಚ್ಚಿಸಬೇಡಿ. ಅವಳಿಗೆ ಅದು ಸಾಕಾಗಿದೆ, ಹೀಗೇ ಇರಲಿ ಅನ್ನಿಸಿದೆ. ಈಗ ಮುಗಿಸುವುದನ್ನು ತೋರಿಸಿ. ದಾರ ಕತ್ತರಿಸಿ, ಆ ತುದಿಯನ್ನು ಕೊನೆಯ ಕುಣಿಕೆಯೊಳಗೆ ಪೂರ್ತಿ ತೂರಿಸಿ ಎಳೆದರೆ ಕುಣಿಕೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಯಾರಿಗೂ ಮೊದಲೇ ಹೇಳಿಕೊಡುವುದಿಲ್ಲ, ಮಗು ತಾನಾಗಿ ಬಂದು ಕೇಳುವ ತನಕ ಕಾಯುತ್ತೇನೆ. ನಿಮ್ಮ ಮಗಳು ಕೇಳಿಯಾಗಿದೆ. ಕತ್ತರಿ ಅವಳ ಕೈಗೇ ಕೊಡಿ. ಬಾಲವನ್ನು ಮಾತ್ರ ಮೋಟಾಗಿ ಕತ್ತರಿಸುವುದು ಬೇಡ, ನಾಲ್ಕು ಬೆರಳಷ್ಟು ಬಿಡಲು ಹೇಳಿ.